ಬಾಗಿಲ ಬಳಿಯ ಜಾಗ

ಮಗನ ಮದುವೆಯಾದ ಮೇಲೆ ಕಲೀಪಾ ತಾನಾಗಿ ಎದ್ದು ಒಂದು ಲೋಟ ನೀರು ಕುಡಿದವಳಲ್ಲ. ಬೆಟ್ಟಗಳ ಸೀಮೆಯಾದ ನರೀನ್ ಕಡೆಯ ಆ ಹಳ್ಳಿಯಲ್ಲಿ ಸೊಸೆ ಬಂದ ಮೇಲೂ ಅತ್ತೆ ಚಹಾ ಬಗ್ಗಿಸಿದರೆ ಸೊಸೆಯ ಮಾನ ಹೋಯಿತೆಂದೇ ಅರ್ಥ. ಹಾಗಾಗಿ ಐದು ವರ್ಷ ಅವಳು ಬಾಗಿಲಿಂದ ದೂರದ ಹಿರಿಯರ ಜಾಗದಲ್ಲಿ, ದಪ್ಪ ಹಾಸಿನ ಮೇಲೆ, ರಾಣಿಯ ಹಾಗೆ ಕೂತಳು. ಒಂದು ಕಾಲಕ್ಕೆ ದಿನವೂ ಹದಿನೈದು ಹಸು ಕರೆದು, ಹೊಳೆಯಿಂದ ನೀರು ಹೊತ್ತ ಹೆಂಗಸು! ಸೊಸೆ ಮೇರಿಮ್ ಬಹಳ ಒಳ್ಳೆಯವಳು, ತೊಂದರೆಯಾದದ್ದೇ ಅದರಿಂದ.

ಮಾರ್ಚ್‌ನಲ್ಲಿ ಯಾರದೋ ಮನೆಯ ಊಟ ಮುಗಿದು ಎಲ್ಲರೂ ಎದ್ದರು, ಕಲೀಪಾಗೆ ಏಳಲಾಗಲಿಲ್ಲ. ಇಬ್ಬರು ರಟ್ಟೆ ಹಿಡಿದು ಎತ್ತಬೇಕಾಯಿತು. ಅರವತ್ತೆರಡಕ್ಕೇ ಈ ಗತಿ ಬಂತಲ್ಲ ಎಂದು ಅವಳು ನಾಚಿಕೆಯಿಂದ ಹಿಡಿಯಷ್ಟಾದಳು. ಅಮ್ಮನನ್ನೂ ಹಿರಿಯ ಹೆಂಗಸರನ್ನೂ ಅಲ್ಲಿ 'ಅಪಾ' ಎಂದು ಕರೆಯುತ್ತಾರೆ. ಮನೆಗೆ ಬಂದ ಮೇಲೆ ಮಗ ಉಲಾನ್ ಮೆಲ್ಲಗೆ ಹೇಳಿದ:

"ಅಪಾ, ಈ ಬೇಸಿಗೇಲಿ ನೀನು ಪೇಟೇಲಿ ಅಕ್ಕನ ಮನೇಲೇ ಇದ್ಬಿಡು. ಬೆಟ್ಟಕ್ಕೆ ಕುದುರೆ ಮೇಲೇ ಹೋಗ್ಬೇಕು, ನಿನ್ನ ಕೈಲಾಗಲ್ಲ."

ಬೆಟ್ಟದ ಹುಲ್ಲುಗಾವಲಿಗೆ ಹೋಗದ ಬೇಸಿಗೆಯನ್ನು ಕಲೀಪಾ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಮರುದಿನ ಊರಿನ ನರ್ಸ್ ಜೂರಾಳ ಮುಂದೆ ಕೂತು ಅತ್ತೇಬಿಟ್ಟಳು. ಜೂರಾ ಬಿಪಿ ನೋಡಿದಳು, ಊದಿದ ಪಾದ ಒತ್ತಿ ನೋಡಿದಳು, ಬೆರಳಿಂದ ರಕ್ತ ತೆಗೆದಳು.

"ಕೂತು ಕೂತು ಕಾಲಿನ ಬಲ ಹೋಗಿದೆ, ಅಪಾ. ಬಿಪಿ ಏರಿದೆ, ಇನ್ನು ಸ್ವಲ್ಪ ದಿನಕ್ಕೆ ಸಕ್ಕರೆ ಕಾಯಿಲೆನೂ ಬರುತ್ತೆ. ಮಾತ್ರೆ ಕೊಡ್ತೀನಿ. ಆದ್ರೆ ನಿಮ್ಮ ಬದಲು ಮಾತ್ರೆ ನಡೆಯಲ್ಲ, ನೀವೇ ನಡೀಬೇಕು. ದಿನಾ ನಡೀರಿ, ದಿನಾ ಏಳಿ, ಕೂರಿ. ಆತುರ ಬೇಡ."

ಕಲೀಪಾ ಮನೆಗೆ ಬಂದವಳೇ ಚಹಾಕ್ಕೆ ನೀರು ಕಾಯಿಸುವ ಸಮೋವಾರಿನ ಪಕ್ಕ, ಬಾಗಿಲ ಬಳಿ ಕೂತಳು. ಅದು ಸೊಸೆಯ ಜಾಗ. ಮೇರಿಮ್‌ಗೆ ಅಳುವೇ ಬಂತು.

"ಜನ ನನಗೆ ಬಾಯಿಗೆ ಬಂದ ಹಾಗೆ ಅಂತಾರೆ, ಅಪಾ!"

"ಅನ್ನಲಿ ಬಿಡೇ. ಅವರೇನು ನನ್ನ ಹೊತ್ಕೊಂಡು ಬೆಟ್ಟ ಹತ್ತಿಸ್ತಾರಾ?"

ಮೊದಲ ವಾರ ಗೋಡೆ ಹಿಡಿದು, "ಅಯ್ಯಯ್ಯೋ" ಎನ್ನುತ್ತ ಎದ್ದಳು. ಅರ್ಧ ಬಕೆಟ್ ಹಿಡಿದು ಹೊಳೆಗೆ ಹೋಗಿ ಬರುವಾಗ ದಾರಿಯಲ್ಲಿ ಮೂರು ಸಲ ನಿಂತಳು. ಏಪ್ರಿಲ್ ಮುಗಿಯುವ ಹೊತ್ತಿಗೆ ಒಂದೇ ಸಲ ನಿಲ್ಲುತ್ತಿದ್ದಳು. ಪಾದದ ಊತ ಇಳಿಯಿತು, ನಿದ್ದೆ ಬಂತು, ಬಿಪಿ ಇಳಿದದ್ದು ನೋಡಿ ಜೂರಾ ಹುಬ್ಬೇರಿಸಿದಳು. ಮೇರಿಮ್ ಮಾತ್ರ ಒಂದೇ ಮಾತು ಬೇಡಿಕೊಂಡಿದ್ದಳು: ನೆಂಟರು ಬಂದಾಗಲಾದರೂ ಮೇಲಿನ, ಹಿರಿಯರ ಜಾಗದಲ್ಲಿ ಕೂರಿ ಎಂದು.

ಮೇ ಕೊನೆಗೆ ನೆಂಟರು ಬಂದರು. ಕಲೀಪಾ ಬಾಗಿಲ ಬಳಿಯೇ ಕೂತಳು. ಹಿರಿಯಳಿಗಿಂತ ಮೇಲೆ, ಬಾಗಿಲಿಂದ ಆಚೆ ದೂರಕ್ಕೆ ಕೂರುವ ಧೈರ್ಯ ಯಾರಿಗಿದೆ? ಎಂಟು ಜನ ಸಮೋವಾರಿನ ಸುತ್ತ ಒಬ್ಬರ ಮೇಲೊಬ್ಬರು ಬಿದ್ದಂತೆ ಕೂತರು, ಅರ್ಧ ಕೋಣೆ ಖಾಲಿ ಉಳಿಯಿತು. ನೆರೆಮನೆಯ ಬಾತಿನಾಗೆ ತಡೆಯಲಾಗಲಿಲ್ಲ.

"ಏನಕ್ಕಾ, ಸೊಸೆ ಕಾಲು ಮುರಕೊಂಡಿದ್ದಾಳಾ?"

ಮೇರಿಮ್ ತಲೆ ತಗ್ಗಿಸಿದಳು.

"ಅವಳ ಕಾಲು ಗಟ್ಟಿಯಾಗಿವೆ, ಹೋಗಿದ್ದು ನನ್ನವು. ನನಗೆ ಕೆಲಸ ಬಿಟ್ಟುಕೊಟ್ಟು, ನಿಮ್ಮ ಬಾಯಿಗೆ ಬೀಳೋಕೂ ತಯಾರಾದಳು ನೋಡು, ಅಂಥ ಸೊಸೆ ನಿನಗಿದ್ದಾಳಾ?" ಎಂದವಳೇ ಕಲೀಪಾ ಎರಡೂ ಕೈಯಲ್ಲಿ ಚಹಾದ ಬಟ್ಟಲು ಹಿಡಿದುಕೊಂಡು, ನೆಲಕ್ಕೆ ಕೈ ಊರದೆ ಎದ್ದಳು. ಎದ್ದು ಹೋಗಿ ಬಾತಿನಾಗೆ ಕೊಟ್ಟಳು.

ಬಾಗಿಲಲ್ಲಿ ನಿಂತಿದ್ದ ಉಲಾನ್ ಅದನ್ನು ನೋಡಿ ಕೇಳಿದ:

"ಅಪಾ, ನಿನಗೆ ಯಾವ ಕುದುರೆಗೆ ಜೀನು ಹಾಕಲಿ?"

"ಬೂದು ಕುದುರೆಗೆ. ಹತ್ತುವಾಗ ಮಾತ್ರ ಯಾರೂ ಕೈ ಕೊಡಬಾರದು."