ದೊಡ್ಡ ಜಿಲೇಬಿ ಇಲ್ಲದ ತೊಟ್ಟಿ

ದ್ಯಾವಯ್ಯ ಅಂಜುಬುರುಕ. ಇದರಲ್ಲಿ ಎರಡು ಮಾತಿಲ್ಲ. ಹಾಸನದ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಅಟೆಂಡರ್ ಆಗಿದ್ದವನು ಯಾವ ಮೇಲಿನವರಿಗೂ ಒಮ್ಮೆಯೂ ಎದುರಾಡಿದವನಲ್ಲ. ಕಾಫಿ ಕೊಡುವುದೂ ಹಿರಿತನದ ಪ್ರಕಾರ. ಮುಖ್ಯಸ್ಥ ಲಕ್ಷ್ಮೀನರಸಿಂಹ ಕುಡಿದು ಲೋಟ ಕೆಳಗಿಟ್ಟ ಮೇಲೇ ಉಳಿದವರಿಗೆ. ಅಷ್ಟರಲ್ಲಿ ಅದು ಆರಿರುತ್ತಿತ್ತು.

ಸಂಶೋಧನೆಗೆಂದು ಅದೇ ವಿಭಾಗದ ಉಪನ್ಯಾಸಕಿ ಪ್ರೇಮಕುಮಾರಿ ಗೊರೂರಿನ ಹಿನ್ನೀರಿನಿಂದ ಐದು ಜಿಲೇಬಿ ಮೀನು ತರಿಸಿ ಗಾಜಿನ ತೊಟ್ಟಿಗೆ ಬಿಟ್ಟಾಗ, ದ್ಯಾವಯ್ಯ ಅವಕ್ಕೂ ಅದೇ ಪದ್ಧತಿ ನಡೆಸಿದ. ದೊಡ್ಡದರ ಮುಂದೆ ಮೊದಲು ಕಾಳು ಉದುರಿಸಿ, ಅದು ತಿಂದು ಮುಗಿಸುವವರೆಗೆ ಕೈಕಟ್ಟಿ ನಿಲ್ಲುತ್ತಿದ್ದ. ತಿಂಗಳೊಳಗೆ ಎರಡು ಸತ್ತವು. ಉಳಿದ ಎರಡು ಸಣ್ಣವು ಮೈ ಕಪ್ಪಾಗಿ ಮೂಲೆ ಸೇರಿದವು.

ಪ್ರೇಮಕುಮಾರಿ ಒಂದು ಬೆಳಿಗ್ಗೆ ಇದನ್ನು ಕಣ್ಣಾರೆ ಕಂಡಳು.

“ಮೀನಿಗೂ ಸೀನಿಯಾರಿಟೀನಾ ದ್ಯಾವಯ್ಯ?”

“ದೊಡ್ದು ಉಣ್ಣದ್ಕೆ ಮುಂಚೆ ಸಣ್ಣವಕ್ಕೆ ಎಂಗಾಕದು ಮೇಡಂ?”

“ನೀವೇ ಅದನ್ನ ರಾಜ ಮಾಡಿದೀರ. ಇವು ಹೆದರಿ ಹೆದರಿನೇ ಸಾಯ್ತಿವೆ. ಇನ್ನೊಂದು ಸಲ ಒಟ್ಟಿಗೆ ಬಿಟ್ರೆ ಎರಡೂ ಉಳಿಯಲ್ಲ, ನೋಡ್ತಿರಿ.”

ದೊಡ್ಡ ಮೀನನ್ನು ಪಕ್ಕದ ಮುಚ್ಚಳದ ಡ್ರಮ್ಮಿಗೆ ಹಾಕಿದಳು.

ಆದರೂ ಸಣ್ಣವು ಮೂಲೆ ಬಿಡಲಿಲ್ಲ. ಕಾಳು ಮುಳುಗಿ ಕೊಳೆಯಿತು. ಮೂರನೆಯ ದಿನ ತನ್ನೂರು ಹಳೇಕೋಟೆಯಿಂದ ಮೊದಲ ಬಸ್ಸಿಗೆ ಬಂದ ದ್ಯಾವಯ್ಯ ಬಾಗಿಲು ತೆರೆದರೆ, ಅವೆರಡೂ ಯಾರೋ ಅಟ್ಟಿಸಿಕೊಂಡು ಬಂದಂತೆ ಗಾಜಿಗೆ ಬಡಿದುಕೊಳ್ಳುತ್ತಿದ್ದವು. ಒಂದರ ಬಾಲ ಹೊಸದಾಗಿ ಹರಿದಿತ್ತು. ಮೊದಲು ದೊಡ್ಡದು ಇರುತ್ತಿದ್ದ ಅರ್ಧದಲ್ಲಿ ಬರೀ ನೀರು. ತಟ್ಟನೆ ಎರಡೂ ನಿಂತವು, ಆ ಖಾಲಿ ಜಾಗವನ್ನೇ ನೋಡುತ್ತ. ದ್ಯಾವಯ್ಯನೂ ನೋಡಿದ. ಎಷ್ಟು ಹೊತ್ತೋ ತಿಳಿಯದು. ತಾನು ಅದರ ಮುಂದೆ ಕೈಕಟ್ಟಿ ನಿಂತಿದ್ದೇನೆ ಎಂದು ಅರಿವಾದಾಗ ಕೈ ಬಿಚ್ಚಿ ಹಿಂದೆ ಸರಿದ.

ಐದನೆಯ ದಿನ ಬಾಲ ಹರಿದದ್ದು ಗೇಣಷ್ಟು ಮುಂದೆ ಬಂದು ಒಂದು ಕಾಳು ತಿಂದಿತು. ದ್ಯಾವಯ್ಯ ಉಸಿರು ಬಿಗಿಹಿಡಿದು ನೋಡುತ್ತಿದ್ದಾಗಲೇ ಲಕ್ಷ್ಮೀನರಸಿಂಹ ಒಳಗೆ ಬಂದರು. ಪ್ರೇಮಕುಮಾರಿ ಇನ್ನೂ ಬಂದಿರಲಿಲ್ಲ.

“ಏನಯ್ಯ ಇದು, ಸತ್ತ ಮನೆ ಥರ? ಮಧ್ಯಾಹ್ನ ಕಮಿಟಿ ಬರುತ್ತೆ. ಆ ದೊಡ್ಡ ಮೀನು ವಾಪಸ್ ಬಿಡು, ಒಂದು ಕಳೆ ಇರ್ಲಿ.”

ದ್ಯಾವಯ್ಯನ ಕೈ ತಾನಾಗಿಯೇ ಬಲೆಯ ಕಡೆಗೆ ಹೋಯಿತು. ಅಲ್ಲೇ ನಿಂತಿತು.

“ಅದು ಸತ್ತೋಯ್ತು ಸಾ.”

ಡ್ರಮ್ಮಿನೊಳಗೆ ಧಪ್ ಎಂದಿತು. ಮುಚ್ಚಳ ಅದುರಿತು.

ಲಕ್ಷ್ಮೀನರಸಿಂಹ ಡ್ರಮ್ಮನ್ನು ನೋಡಿದರು, ಆಮೇಲೆ ಅವನನ್ನು. ದ್ಯಾವಯ್ಯ ಎರಡು ಹೆಜ್ಜೆ ನಡೆದು, ಅವರೆದುರೇ ಮುಚ್ಚಳದ ಮೇಲೆ ಕುಳಿತುಕೊಂಡ.