ಮಡಚಿದ ದೋಸೆಯ ಕಾಲು ಭಾಗ

ಕಾದ ಕಾವಲಿಯ ಮೇಲೆ ನೀರುದೋಸೆಯ ಹಿಟ್ಟು ಬಿದ್ದಾಗ ಏಳುವ 'ಚುಂಯ್' ಎಂಬ ಸದ್ದಿನಿಂದಲೇ ಇನ್ನಂಜೆಯ ನಮ್ಮ ಮನೆಯಲ್ಲಿ ಬೆಳಗಾಗುತ್ತಿತ್ತು. ಆ ದಿನವೂ ಹಾಗೆಯೇ ಆಯಿತು. ಅಮ್ಮ ಅಂಗಳದಲ್ಲಿ ಬಗ್ಗಿಕೊಂಡು ಮಲ್ಲಿಗೆ ಮೊಗ್ಗು ಕೊಯ್ಯುತ್ತಿದ್ದರು. ಬಾವಿಕಟ್ಟೆಯ ಮೇಲಿನ ಬಕೆಟ್ಟಿನಲ್ಲಿ ಹೂ ಕಟ್ಟುವ ಬಾಳೆನಾರು ನೆನೆಯುತ್ತಿತ್ತು. ಅಜ್ಜಿ ಒಲೆಯ ಮುಂದೆ ಮಣೆ ಹಾಕಿಕೊಂಡು, ಚಿಪ್ಪಿನ ಸೌಟಿನಿಂದ ಹಿಟ್ಟನ್ನು ತಳದಿಂದ ಕಲಕಿ ಕಲಕಿ ಹೊಯ್ಯುತ್ತಿದ್ದರು. ಮುಚ್ಚಳ ತೆಗೆದಾಗ ಅವರ ಮುಖ ಒಂದು ಗಳಿಗೆ ಹಬೆಯಲ್ಲಿ ಮಾಯವಾಗಿ, ಮತ್ತೆ ಮೂಗುಬೊಟ್ಟಿನ ಹೊಳಪಿನೊಂದಿಗೆ ಮೊದಲು ಮೂಗು, ಆಮೇಲೆ ಉಳಿದ ಮುಖ ಕಾಣಿಸುತ್ತಿತ್ತು. ನಾನು ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಇಸ್ತ್ರಿ ಮಾಡಿದ ನೀಲಿ ಪಿನಾಫೋರಿನಲ್ಲಿ ಅವರ ಪಕ್ಕ ಕುಳಿತಿದ್ದೆ. ಹೊಟ್ಟೆಯಲ್ಲಿ ಹಸಿವೆ ಇರಲಿಲ್ಲ. ಅಂದು ನನಗೆ ಶಾಲೆಯಲ್ಲಿ ಲೆಕ್ಕದ ಬಾಯಿಪರೀಕ್ಷೆ.

ನಾಲ್ಕನೆಯ ಕ್ಲಾಸು. ಕಾಪುವಿನ ಕಾನ್ವೆಂಟಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಅರ್ಧವಾರ್ಷಿಕದಲ್ಲಿ ಲೆಕ್ಕದಲ್ಲಿ ಫೇಲಾಗಿದ್ದೆ, ವಾರ್ಷಿಕದಲ್ಲಿಯೂ ದಾಟಲಿಲ್ಲ. ಅಮ್ಮನನ್ನು ಕರೆಸಿದ ಹೆಡ್‌ಮಿಸ್ಟ್ರೆಸ್ ಸಿಸ್ಟರ್, ಬೇಸಿಗೆ ರಜೆ ಮುಗಿಯುವಾಗ ಒಂದು ಸಲ ತಾನೇ ಬಾಯಿಯಲ್ಲಿ ಕೇಳುತ್ತೇನೆ, ಅದರಲ್ಲೂ ಆಗದಿದ್ದರೆ ನಾಲ್ಕರಲ್ಲಿಯೇ ಕೂರಬೇಕು ಎಂದಿದ್ದರು. ಮಸ್ಕತ್ತಿನಿಂದ ಅಪ್ಪ ಫೋನು ಮಾಡಿದಾಗ ತೀರ್ಮಾನವೂ ಆಗಿಹೋಗಿತ್ತು. ಪಾಸಾದರೆ ಸರಿ, ಇಲ್ಲವಾದರೆ ಜೂನಿನಿಂದ ಮಣಿಪಾಲದ ಮಾವನ ಮನೆಯಲ್ಲಿ ಇರಬೇಕು. ಅಲ್ಲಿ ಟ್ಯೂಶನ್ ಉಂಟು, ಅತ್ತೆ ಕಲಿತವರು. ಅಜ್ಜಿ ಇಲ್ಲದ ಮನೆಯಲ್ಲಿ ಬೆಳಿಗ್ಗೆ ಏಳುವುದು ಹೇಗೆ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಅಜ್ಜಿಯನ್ನೂ ಕೇಳಿರಲಿಲ್ಲ.

ಅಜ್ಜಿ ಎರಡನೆಯ ಕ್ಲಾಸಿಗೇ ಶಾಲೆ ಬಿಟ್ಟವರು. ಆದರೂ ನನ್ನ ಲೆಕ್ಕವನ್ನು ಸರಿಮಾಡುವ ಹಠ ಅವರಿಗೆ ಹಿಡಿದಿತ್ತು. ಪುಸ್ತಕ ಅವರಿಗೆ ಓದಲು ಬರುತ್ತಿರಲಿಲ್ಲ, ನಾನು ಪ್ರಶ್ನೆಯನ್ನು ಹೇಗೋ ಬಿಡಿಸಿ ಹೇಳಿದರೆ ಅಡುಗೆಮನೆಯಲ್ಲಿ ಅದಕ್ಕೊಂದು ದಾರಿ ಹುಡುಕುತ್ತಿದ್ದರು. ಏಳರ ಮಗ್ಗಿಯನ್ನು ನಾನು ಕಲಿತದ್ದು ಹುಣಸೆಬೀಜದಲ್ಲಿ. ಭಾಗಾಕಾರ ಕಲಿತದ್ದು ಬಿದಿರಿನ ಕೆರಸಿಯ ತುಂಬ ಮಲ್ಲಿಗೆ ಮೊಗ್ಗಿನಲ್ಲಿ. ಬೆರಳ ಬಿಸಿಗೆ ಮೊಗ್ಗು ಬಾಡುವ ಮೊದಲೇ ಪಾಲು ಮಾಡಿ ಮುಗಿಸಬೇಕಿತ್ತು. ಲೆಕ್ಕ ತಪ್ಪಿದರೆ ಅಜ್ಜಿ ನನ್ನನ್ನು ಬೈಯುತ್ತಿರಲಿಲ್ಲ, ಹುಣಸೆಬೀಜವನ್ನು ಬೈಯುತ್ತಿದ್ದರು. "ಇದೊಂದು ಎಲ್ಲಿಗೆ ಹೋಗಿ ಸತ್ತಿತು? ಮಂಡೆ ಸಮ ಇಲ್ವಾ ಇದಕ್ಕೆ?" ನಾನು ನಗುತ್ತಿದ್ದೆ, ನಗುತ್ತಲೇ ಸರಿಯಾದ ಉತ್ತರ ಬರುತ್ತಿತ್ತು. ಅಕ್ಕಿ ಅಳೆಯುವ ಸೇರು, ಹುರುಳಿಯ ಡಬ್ಬ, ಬಾವಿಯ ಹಗ್ಗದ ಗಂಟು, ಎಲ್ಲವೂ ಆ ಎರಡು ತಿಂಗಳು ನನಗೆ ಪಾಠ ಮಾಡಿದವು.

ಅರ್ಧ, ಕಾಲು, ಮುಕ್ಕಾಲುಗಳ ಪಾಠಕ್ಕೆ ಅಜ್ಜಿ ಆರಿಸಿಕೊಂಡದ್ದು ನೀರುದೋಸೆ. ನಮ್ಮ ಮನೆಯಲ್ಲಿ ಒಂದು ಕ್ರಮವಿತ್ತು. ಬಡಿಸುವ ದೋಸೆಯನ್ನು ಹರಿಯುವಂತಿಲ್ಲ. ಹರಿದದ್ದು ಎಂಜಲಿಗೆ ಸಮ, ಅದನ್ನು ಮಕ್ಕಳ ತಟ್ಟೆಗೆ ಹಾಕುವುದು ಶ್ರೇಯಸ್ಸಲ್ಲ ಎಂದು ಅಜ್ಜಿಯ ನಂಬಿಕೆ. ಕಾವಲಿಗೆ ಅಂಟಿ ಹರಿದ ದೋಸೆಗಳೆಲ್ಲ ಅವರದೇ ಪಾಲು. ಎಲ್ಲರದ್ದೂ ಆದ ಮೇಲೆ ಗೋಡೆಯ ಕಡೆ ತಿರುಗಿ ಕುಳಿತು ಆ ಚೂರುಗಳನ್ನು ಚಟ್ನಿಯಲ್ಲಿ ಅದ್ದಿ ತಿನ್ನುತ್ತಿದ್ದರು. ಅವರು ಇಡೀ ದೋಸೆ ತಿಂದದ್ದನ್ನು ನಾನು ನೋಡಿದ ನೆನಪೇ ಇಲ್ಲ. ಹಾಗಾಗಿ ಪಾಠಕ್ಕೂ ಅವರು ದೋಸೆ ಹರಿಯಲಿಲ್ಲ. ಒಂದು ಸಲ ಮಡಚಿ "ಇದು ಅರ್ಧ", ಇನ್ನೊಂದು ಸಲ ಮಡಚಿ "ಇದು ಕಾಲು" ಎಂದರು.

ಅಂದು ಬೆಳಿಗ್ಗೆಯೂ ಹಾಗೆಯೇ ಮಡಚಿ ನನ್ನ ತಟ್ಟೆಗೆ ಹಾಕಿದರು.

"ಇದು ಎಷ್ಟು, ಮಗಾ?"

"ಕಾಲು." ನಾನು ಮೆಲ್ಲನೆ ಕೇಳಿದೆ, "ಆದರೆ ಅಜ್ಜಿ, ಮಡಚಿದರೂ ದೋಸೆ ಅಷ್ಟೇ ಉಂಟಲ್ಲ?"

ಅಜ್ಜಿ ಸೌಟು ಹಿಡಿದ ಕೈಯನ್ನು ನಿಲ್ಲಿಸಿ ಸ್ವಲ್ಪ ಯೋಚಿಸಿದರು. "ಲೆಕ್ಕಕ್ಕೆ ಹಾಗೆ ಹೇಳುವುದು. ನೀನು ತಿನ್ನು, ಬಸ್ಸು ಬರ್ತದೆ."

ಸಿಸ್ಟರ್ ಒಳ್ಳೆಯವರೇ. ಈಗ ನೆನೆದರೆ ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಮೇಜಿನ ಮೇಲೆ ಗಾಜಿನ ಲೋಟದಲ್ಲಿ ನಮ್ಮದೇ ಊರಿನ ಮಲ್ಲಿಗೆ ಇತ್ತು. ಕೈ ಹಿಂದಕ್ಕೆ ಕಟ್ಟಿ ನಿಂತುಕೊಂಡೆ, ಅದು ಅಲ್ಲಿಯ ನಿಯಮ. ಮಗ್ಗಿ ಕೇಳಿದರು, ಹೇಳಿದೆ. ಮೂವತ್ತಾರು ಚಾಕಲೇಟನ್ನು ನಾಲ್ಕು ಮಕ್ಕಳಿಗೆ ಹಂಚು ಎಂದರು. ಬೆನ್ನ ಹಿಂದೆ ಬೆರಳುಗಳು ತಾವಾಗಿಯೇ ಮೊಗ್ಗು ಪಾಲು ಮಾಡಿದವು, ಅದನ್ನೂ ಹೇಳಿದೆ. ಸಿಸ್ಟರ್ ಮುಗುಳ್ನಕ್ಕರು. ಆಮೇಲೆ ಇಂಗ್ಲಿಷಿನಲ್ಲಿ, ಅರ್ಧ ದೊಡ್ಡದೋ ಕಾಲು ದೊಡ್ಡದೋ ಎಂದು ಕೇಳಿದರು. ನನ್ನ ಕಣ್ಣ ಮುಂದೆ ಆವಿಯಾಡುವ ದೋಸೆ ಬಂತು. ಒಂದು ಮಡಿಕೆ, ಎರಡು ಮಡಿಕೆ. ಬಿಡಿಸಿದರೆ ಅದೇ ದೋಸೆ. "ಎರಡೂ ಒಂದೇ, ಸಿಸ್ಟರ್" ಎಂದೆ. ಅವರು ಪೆನ್ನು ಕೆಳಗಿಟ್ಟು, ಅದು ಹೇಗೆ ಎಂದು ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದರು. ಹೇಳಲು ನನ್ನಲ್ಲಿ ಎಲ್ಲವೂ ಇತ್ತು, ಇಂಗ್ಲಿಷ್ ಮಾತ್ರ ಇರಲಿಲ್ಲ. ಮಡಚುವುದಕ್ಕೆ ಅಲ್ಲಿ ಏನನ್ನುತ್ತಾರೆ, ದೋಸೆಗೆ ಏನನ್ನುತ್ತಾರೆ? ಕರವಸ್ತ್ರ ಜೇಬಿನಲ್ಲಿಯೇ ಇತ್ತು, ತೆಗೆದು ಮಡಚಿ ತೋರಿಸಬಹುದಿತ್ತು. ಹಿಂದೆ ಕಟ್ಟಿದ ಕೈ ಮುಂದೆ ಬರಲಿಲ್ಲ. ಉಳಿದ ಪ್ರಶ್ನೆಗಳೆಲ್ಲ ಅರ್ಧ, ಕಾಲುಗಳದ್ದೇ. ಎಲ್ಲದಕ್ಕೂ ಸುಮ್ಮನಿದ್ದೆ.

ಸಿಸ್ಟರ್ ಬರೆದು ಕಳಿಸಿದ ಚೀಟಿಯನ್ನು ಓದಲು ಅಮ್ಮನಿಗೆ ಇಂಗ್ಲಿಷ್ ಬೇಕಾಗಲಿಲ್ಲ, ನನ್ನ ಮುಖವೇ ಸಾಕಾಯಿತು. ಏನು ಕೇಳಿದರು, ಏನು ಹೇಳಿದೆ ಎಂದು ಒಂದೊಂದಾಗಿ ಕೇಳಿ, ದೋಸೆಯ ವಿಷಯಕ್ಕೆ ಬಂದಾಗ ಅಮ್ಮ ಅಜ್ಜಿಯ ಕಡೆ ತಿರುಗಿ ದನಿ ಏರಿಸಿದರು. "ನಿನ್ನ ಹುಣಸೆಬೀಜ, ನಿನ್ನ ದೋಸೆ! ಶಾಲೆಯಲ್ಲಿ ಇದಕ್ಕೆಲ್ಲ ಮಾರ್ಕು ಕೊಡ್ತಾರಾ ಅಮ್ಮಾ?" ಅಜ್ಜಿ ಹುರುಳಿಯ ಡಬ್ಬದ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ಬಿಗಿಮಾಡುತ್ತಿದ್ದರು. ಅದು ಮೊದಲೇ ಬಿಗಿಯಾಗಿತ್ತು. ನಾನು ಹೇಳಬೇಕಿತ್ತು, ಚಾಕಲೇಟಿನ ಲೆಕ್ಕಕ್ಕೆ ಸಿಸ್ಟರ್ ಮುಗುಳ್ನಕ್ಕರು ಎಂದು. ಅದು ಅಜ್ಜಿಗೆ ಸಲ್ಲಬೇಕಾದ ನಗು. ಹೇಳಲಿಲ್ಲ. ಅಮ್ಮನಿಗೆ ಹೆದರಿದೆನೋ ಏನೋ, ಈಗ ತಿಳಿಯುವುದಿಲ್ಲ.

ಜೂನಿನಲ್ಲಿ ನಾನು ಮಣಿಪಾಲಕ್ಕೆ ಹೋದೆ. ಭಿನ್ನರಾಶಿಯನ್ನು ಅತ್ತೆ ಕಾಗದದ ಚಕ್ರ ಕತ್ತರಿಸಿ ಒಂದೇ ಸಂಜೆಯಲ್ಲಿ ಕಲಿಸಿದರು. ಅಷ್ಟು ಸುಲಭ ಅದು. ಅಜ್ಜಿ ಆಮೇಲೆ ಮೂರು ವರ್ಷ ಇದ್ದರು. ರಜೆಯಲ್ಲಿ ಹೋದರೆ ಅದೇ ಸದ್ದು, ಅದೇ ಹಬೆ. ಆದರೆ ಹುಣಸೆಬೀಜ ಮತ್ತೆ ಹೊರಗೆ ಬರಲಿಲ್ಲ, ನಾನೂ ಕೇಳಲಿಲ್ಲ. ಒಂದು ಮಾತ್ರ ಬದಲಾಗಿತ್ತು. ಉಳಿದವರಿಗೆಲ್ಲ ಮಡಚಿ ಬಡಿಸುವ ಅಜ್ಜಿ, ನನ್ನ ತಟ್ಟೆಗೆ ಮಾತ್ರ ದೋಸೆಯನ್ನು ಮಡಚದೆ, ಅಗಲಕ್ಕೆ ಹರಡಿ ಹಾಕುತ್ತಿದ್ದರು. ತಟ್ಟೆಯ ಅಂಚು ದಾಟಿ ಅದು ಇಳಿಬೀಳುತ್ತಿತ್ತು. ಆ ಒಲೆ, ಆ ಅಂಗಳ ಈಗ ಇಲ್ಲ. ಮಲ್ಲಿಗೆ ಗಿಡಗಳಿದ್ದಲ್ಲಿ ಯಾರದೋ ಕಾರು ನಿಲ್ಲುತ್ತದೆ. ನನ್ನ ಮನೆಯಲ್ಲಿ ದೋಸೆ ಎರೆಯುವಾಗ ಮಡಚಲು ಹೋದ ಕೈ ಇವತ್ತಿಗೂ ಒಮ್ಮೆ ತಡೆಯುತ್ತದೆ.

ಬಾಯಿಪರೀಕ್ಷೆಯ ಆ ದಿನ ಸಂಜೆ ಪಕ್ಕದ ಮನೆಯ ಲೂಸಿ ಬಾಯಿ ಎಂದಿನಂತೆ ಬಾಳೆನಾರು ಕೇಳಿಕೊಂಡು ಬಂದರು. ಅಮ್ಮ ಒಳಗೆ ಇದ್ದರು. ಜಗಲಿಯಲ್ಲಿ ಅಜ್ಜಿ, ಅವರ ಕಾಲ ಬಳಿ ನಾನು. ನನ್ನ ಊದಿದ ಕಣ್ಣು ನೋಡಿ ಲೂಸಿ ಬಾಯಿ ಎಂತ ಆಯ್ತು ಎಂದು ಕೇಳಿದರು. ಅಜ್ಜಿ ಎಲ್ಲವನ್ನೂ ಹೇಳಿದರು. ಕೊನೆಗೆ, ಯಾರನ್ನೋ ಸಾಕ್ಷಿಗೆ ಕರೆಯುವವರ ಹಾಗೆ, "ನಾನು ದಿನಾ ಎರಡೆರಡು ಸಲ ಮಡಚಿ ತೋರಿಸಿದ್ದೇನೆ ಬಾಯಿ, ಆದರೂ ಅವಳಿಗೆ ಯಾಕೆ ಗೊತ್ತಾಗಲಿಲ್ಲ?" ಎಂದರು. ಲೂಸಿ ಬಾಯಿ ಬಕೆಟ್ಟಿನಿಂದ ನಾರನ್ನು ಎತ್ತಿ, ನೀರು ಕೊಡವಿ, ಗೇಟಿನ ಕಡೆ ಹೊರಟವರು ಅರ್ಧ ತಿರುಗಿ ನಕ್ಕರು.

"ಮಡಚಿದರೆ ದೋಸೆ ಕಡಿಮೆ ಆಗ್ತದಾ ಗಿರಿಜಕ್ಕ? ಒಂದೇ ಒಂದು ಹರಿದು ತೋರಿಸಿದ್ರೆ ಮುಗೀತಿತ್ತು, ಅಲ್ವಾ?"