ಸಿದ್ದಲಿಂಗಪ್ಪನವರ ಬಾಯಿಗೆ ಬಾರದ ಹೆಸರು

ಸಿದ್ದಲಿಂಗಪ್ಪನವರು ಗದಗಿನ ಕಡೆಯವರು. ಗೂಡ್ಸ್ ಗಾಡಿಯ ಗಾರ್ಡ್ ಆಗಿ ಸೂರತ್ ಪಕ್ಕದ ಉಧ್ನಾಕ್ಕೆ ಬಂದವರು ನಿವೃತ್ತರಾದ ಮೇಲೂ ಸೂರತ್ ಬಿಡಲಿಲ್ಲ. ಮಾತಿಗೆ ಕೂತರೆ ಎದುರಿನವರು ಆಕಳಿಸಿದರೂ ನಿಲ್ಲಿಸುವ ಆಸಾಮಿಯಲ್ಲ. ಅಂಥವರಿಗೆ ಹೋದ ವರ್ಷ ಲಕ್ವ ಹೊಡೆದು ಬಲಗೈಯೂ ಬಲಗಾಲೂ ಮಾತೂ ಒಟ್ಟಿಗೇ ಹೋದವು. ನಾನು ಬ್ಯಾಂಕಿನವಳು, ಅವರ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದೇನೆ. ರಜೆಯ ದಿನ ಅವರನ್ನೂ ಅವರ ಹೆಂಡತಿ ಸುಲೋಚನಾ ಅವರನ್ನೂ ತೃಪ್ತಿಯ ಹತ್ತಿರ ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂತು.

ತೃಪ್ತಿ ಸೂರತ್ತಿನದೇ ಹುಡುಗಿ, ಸಂಗೀತದಿಂದ ಮಾತು ಕಲಿಸುವವಳು. ಕನ್ನಡ ಬಾರದು; ನಾನು ಹೇಳಿಕೊಟ್ಟ ಪದಗಳನ್ನೇ ಹಾಡಿಸುತ್ತಿದ್ದಳು. ಮಾತು ಸತ್ತವರಲ್ಲೂ ಹಾಡು ಉಳಿದಿರುತ್ತದಂತೆ. ಎಡಗೈಯಿಂದ ಮೇಜು ತಟ್ಟುತ್ತಾ ಎರಡೇ ಸ್ವರದಲ್ಲಿ ಅಕ್ಷರ ಎಳೆಯಬೇಕು. "ನೀ-ರು ಬೇ-ಕು. ಚಾ ಬೇ-ಕು." ಎರಡು ತಿಂಗಳಲ್ಲಿ ಸಿದ್ದಲಿಂಗಪ್ಪ ಚಹಾ ಕೇಳಿದರು. ತಾಳಕ್ಕೆ ಹೆಜ್ಜೆಯಿಡುತ್ತಾ ಬಾಗಿಲವರೆಗೂ ನಡೆದರು.

ಮುಂದಿನ ಪದ ಯಾವುದಿರಲಿ ಎಂದು ತೃಪ್ತಿ ಕೇಳಿದಾಗ ಸುಲೋಚನಾ ಹಿಂದೆಮುಂದೆ ನೋಡದೆ ತಮ್ಮ ಹೆಸರನ್ನೇ ಕೊಟ್ಟರು. ಅಲ್ಲೇ ಎಡವಟ್ಟಾದದ್ದು. ಐದು ವಾರ "ಸು-ಲೋ-ಚ-ನಾ" ಹಾಡಿದ್ದೇ ಬಂತು. ಸಿದ್ದಲಿಂಗಪ್ಪ ಮೇಜು ತಟ್ಟುವುದನ್ನೂ ಬಿಟ್ಟು ಗೋಡೆ ನೋಡಿದರು. ಫೋಟೋ ತೋರಿಸಿ ಇವರ ಹೆಸರೇನು ಎಂದರೂ ತುಟಿ ಬಿಚ್ಚಲಿಲ್ಲ. ಹೆಂಡತಿಯ ಗುರುತು ಹತ್ತುವುದು ಅನುಮಾನ ಎಂದು ತೃಪ್ತಿ ಹಾಳೆಯಲ್ಲಿ ಬರೆದಳು.

ಆ ಸಂಜೆ ಸುಲೋಚನಾ ನಮ್ಮ ಮನೆಗೆ ಬಂದು ಕೂತರು. "ನನ್ನ ಮರತಾರವ್ವಾ. ಚಾ ನೆನಪೈತಿ, ನಾ ನೆನಪಿಲ್ಲ."

ನನಗೂ ಸಂಕಟವಾಯಿತು. "ಮೊದಲು ನಿಮ್ಮನ್ನ ಏನಂತ ಕರೀತಿದ್ರು?" ಎಂದೆ.

"'ಕೇಳಿದೇನ' ಅಂತಿದ್ರು. ಹೆಂಡ್ತೀನ್ನ ಹೆಸರು ಹಿಡದು ಯಾರು ಕರೀತಾರ?"

ನಲವತ್ತೊಂದು ವರ್ಷದಲ್ಲಿ ಅವರು ಹೆಸರು ಹೇಳಿದ್ದು ಒಂದೇ ಒಂದು ಸಲವಂತೆ. ಮದುವೆಯಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಒಡಪು ಕೇಳಿದ್ದರು. ಪ್ರಾಸದ ಎರಡು ಸಾಲು ಹಾಡಿ ಕೊನೆಗೆ ಹೆಂಡತಿಯ ಹೆಸರು ಸೇರಿಸಿದರೇ ಒಳಗೆ ಬಿಡುವುದು.

"ಈಗರೆ ಇನ್ನೊಮ್ಮೆ ಕೇಳೂಣು ಅಂತ ಆಸೆ ಬಿದ್ದೆ. ತಪ್ಪಾತು," ಎಂದರು.

ಇದನ್ನು ಐದು ವಾರ ಹೊಟ್ಟೆಯಲ್ಲಿಟ್ಟುಕೊಂಡಿದ್ದರಲ್ಲ ಎಂದು ನನಗೆ ಸಿಟ್ಟು ಬಂತು. ಮುಂದಿನ ಸಲ ಹೋದಾಗ ತೃಪ್ತಿಗೆ ಎಲ್ಲ ಹೇಳಿದೆ. ಅವಳು ಹಾಳೆ ಪಕ್ಕಕ್ಕಿಟ್ಟು, "ಆ ಸಾಲುಗಳನ್ನೇ ನೀವು ಹಾಡಿ, ಕೊನೆಯ ಪದ ಮಾತ್ರ ಬಿಟ್ಟುಬಿಡಿ" ಎಂದು ನನ್ನಿಂದ ಸುಲೋಚನಾ ಅವರಿಗೆ ಹೇಳಿಸಿದಳು. ಸುಲೋಚನಾ ಗಂಡನ ಎಡಗೈ ಹಿಡಿದು ಮೇಜಿನ ಮೇಲೆ ತಟ್ಟಿಸುತ್ತಾ ಸಣ್ಣ ದನಿಯಲ್ಲಿ ಶುರು ಮಾಡಿದರು:

"ಗಾಡಿ ಹೊಂಟ್ರ ಗಾಡಿ ಚಿಂತಿ, ನಿಂತ್ರ ಮನಿ ಯೋಚನಾ,
ಬಾಗಲಾ ಬಿಡ್ರವ್ವಾ, ಹಸದು ನಿಂತಾಳ ನಮ್ಮ..."

"ಸುಲೋಚನಾ," ಎಂದರು ಸಿದ್ದಲಿಂಗಪ್ಪ.

ರಾಗವೂ ಸರಿಯಿತ್ತು, ಅಕ್ಷರವೂ ನೆಟ್ಟಗಿತ್ತು. ಹೇಳಿದವರೇ ಗಾಬರಿಯಾಗಿ ನನ್ನನ್ನೊಮ್ಮೆ, ತೃಪ್ತಿಯನ್ನೊಮ್ಮೆ ನೋಡಿ, ಎಡಗೈಯಿಂದ ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿದರು. ತೃಪ್ತಿ ಹೆದರಿ ಎದ್ದು ನಿಂತಳು. ಎಲ್ಲಾದರೂ ನೋವಾಯಿತೇ ಎಂದು ಕೇಳಿದಳು.

ಸುಲೋಚನಾ ಅಳುತ್ತಲೇ ನನ್ನ ಕಡೆ ತಿರುಗಿದರು. "ಏನೂ ಆಗಿಲ್ಲ ಅಂತ ಹೇಳವ್ವಾ ಆಕೀಗೆ. ಮಂದಿ ಮುಂದ ಹೆಂಡ್ತಿ ಹೆಸರು ಹೇಳಿದ್ರಲ್ಲ, ನಾಚಿಕಿ ಬಂದೈತಿ."